ಗೆದ್ದು ಗೆದ್ದು ಸೊರಗಿದ ಮಾವ

ಗೆದ್ದದ್ದಕ್ಕೆ ಮುಖ ಊದಿಸಿಕೊಂಡು ಊಟ ಬಿಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನರಿಮೊಗರಿನ ನನ್ನ ಸೋದರಮಾವ!

ಎಂಬತ್ತರ ದಶಕದಲ್ಲಿ ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ಮಾವನ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂರಿಸಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ಹೃದಯ ತೂಕಡಿಸಿದರೆ ಎಬ್ಬಿಸುವುದು ಅದರ ಕೆಲಸ. ಮಾವ ಊರಿಗೆ ಬಂದದ್ದೇ ತಡ, ನೋಡಲು ಜನವೋ ಜನ. ಅವರೂ ಬನಿಯನ್ ಸರಿಸಿ ಪ್ರದರ್ಶನಕ್ಕೆ ಸಿದ್ಧ! ಸೆಲ್ ಮುಗಿದರೆ ಏನು ಗತಿ ಎಂದು ಅಂಗಡಿಯವನೊಬ್ಬ ಕೇಳಿದ. "ಮಳೆಗಾಲದಲ್ಲಿ ನಿನ್ನ ಅಂಗಡಿಯ ಕರೆಂಟು ಹೋದೀತು, ನಾನು ಹೋಗುದಿಲ್ಲ" ಎಂದರು ಮಾವ.

ಅತ್ತೆಗೆ ಮಾತ್ರ ನಗು ಬರಲಿಲ್ಲ. ಮಾವನ ಕೋಣೆಯಿಂದ ರೇಡಿಯೋ ಗಡೀಪಾರಾಯಿತು. ಬಾವಿಯ ಹಗ್ಗ ಮುಟ್ಟುವಂತಿಲ್ಲ. ನಾಯಿಗೂ ಬೊಗಳಲು ಹಿತ್ತಿಲೇ ಗತಿ! ಡಾಕ್ಟರು ಎಲ್ಲ ಮಾಡಬಹುದು ಎಂದಿದ್ದರಲ್ಲ ಎಂದು ಮಾವ ಗೊಣಗಿದರೆ, ಡಾಕ್ಟರು ಇರುವುದು ಮದ್ರಾಸಿನಲ್ಲಿ, ನಾನಿರುವುದು ಇಲ್ಲಿ ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು.

ಇಷ್ಟನ್ನೆಲ್ಲ ಮಾವ ಸಹಿಸಿಯಾರು. ಆದರೆ ತಾಳಮದ್ದಳೆ? ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಲ್ಲಿ ಯುದ್ಧ ಮಾಡುವ ಆ ಕೂಟವೇ ಅವರ ಪ್ರಾಣ. ಅವರದು ಯಾವಾಗಲೂ ಸೊಕ್ಕಿದ ರಾಜನ ಪಾತ್ರ. ಎದುರಿಗೆ ಸಂಧಾನಕ್ಕೆ ಬರುವ ದೂತ, ಗುತ್ತಿಗಾರಿನ ಮಾಷ್ಟ್ರು. ಮೊದಲೆಲ್ಲ ಇಬ್ಬರಿಗೂ ಎಂಥ ಜಟಾಪಟಿ! ಪೆಟ್ಟಿಗೆ ಕೂತ ಮೇಲೆ, ಜೋರು ಮಾಡಬೇಡಿ ಎಂದು ಅತ್ತೆ ಕೂಟದವರಿಗೆಲ್ಲ ಹೇಳಿಕಳುಹಿಸಿದರು. ಸರಿ, ಚೆಂಡೆಯವನು ಮಗುವಿನ ಬೆನ್ನು ತಟ್ಟಿದ ಹಾಗೆ ಬಾರಿಸಿದ. ಮಾಷ್ಟ್ರು ರಾಜನ ಮೊದಲ ಗದರಿಕೆಗೇ, ತಾವು ಹೇಳಿದ್ದೂ ಸರಿಯೇ ಎಂದು ಕೈಮುಗಿದುಬಿಟ್ಟರು! ಹಾಡುವ ಭಾಗವತರು ಕಂಗಾಲು. ಸಂಧಾನ ಆಗಿಯೇ ಹೋದರೆ ಯುದ್ಧದ ಪದ ಹಾಡುವುದು ಯಾವಾಗ?

ಹೀಗೆ ಕೂಟದಿಂದ ಕೂಟಕ್ಕೆ ಮಾವ ಗೆದ್ದರು, ಗೆದ್ದಷ್ಟೂ ಬಾಡಿದರು. ಕೊನೆಗೊಂದು ದಿನ ಕರೆಯಲು ಬಂದವರನ್ನು ಹಿಂದಕ್ಕೆ ಕಳುಹಿಸಿ, ಊಟವನ್ನೂ ಬಿಟ್ಟು ಮೂಲೆ ಹಿಡಿದರು. "ಎಲ್ಲರೂ ನನಗೆ ಹೆಣಕ್ಕೆ ಕೊಡುವ ಮರ್ಯಾದೆ ಕೊಡುದು. ಬದುಕಿಸಿ ತಂದದ್ದು ಎಂತಕ್ಕೆ?" ಎಂದು ಅತ್ತೆಯನ್ನು ಕೇಳಿದರು. ಆಮೇಲೆ ಮಾತೇ ಇಲ್ಲ. ಮಾತಿಲ್ಲದ ಮಾವನನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ವಾರದೊಳಗೆ ಅತ್ತೆ ನನ್ನನ್ನು ಕರೆದುಕೊಂಡು ಗುತ್ತಿಗಾರಿನ ಬಸ್ಸು ಹತ್ತಿದರು. ಮಾಷ್ಟ್ರ ಜಗಲಿಯಲ್ಲಿ ನೀರು-ಬೆಲ್ಲವನ್ನೂ ಮುಟ್ಟದೆ ಹೇಳಿದರು: "ಮಾಷ್ಟ್ರೇ, ಆದಿತ್ಯವಾರ ಕೋಡಿಂಬಾಳದಲ್ಲಿ ಕೂಟ ಉಂಟಲ್ಲ, ಇವರನ್ನು ಬಿಡಬೇಡಿ. ಮೊದಲಿನ ಹಾಗೆಯೇ ಬೈಯಿರಿ."

"ಅಕ್ಕ, ಹೆಚ್ಚುಕಡಿಮೆ ಆದರೆ?"

"ಆದರೆ ನನಗೆ ಆಗುದು. ನೀವು ಬೈಯಿರಿ."

ಅತ್ತೆಯ ಒತ್ತಾಯಕ್ಕೆ ಮಣಿದು, ಇದೇ ಕೊನೆಯದು ಎಂಬ ಷರತ್ತಿನ ಮೇಲೆ ಮಾವ ಕೋಡಿಂಬಾಳಕ್ಕೆ ಬಂದರು. ಮಾಷ್ಟ್ರು ಬಾಯಿ ತೆರೆದವರೇ ರಾಜನ ಮುತ್ತಜ್ಜನಿಂದ ಹಿಡಿದು ಯಾರನ್ನೂ ಬಿಡಲಿಲ್ಲ! ಮಾವ ಒಮ್ಮೆ ಬೆಚ್ಚಿದರು. ಮರುಕ್ಷಣ ನೆಟ್ಟಗೆ ಕುಳಿತು, ಶಾಲು ಕೊಡವಿ, ಗುಡುಗಿದರು. ಚೆಂಡೆಯವನಿಗೂ ಕೈ ಬಂತು. ಹೆಂಗಸರ ಸಾಲಿನಲ್ಲಿ ಅತ್ತೆ ತಮ್ಮ ಎದೆಯನ್ನೇ ಒತ್ತಿ ಹಿಡಿದು ಕುಳಿತಿದ್ದರು.

ಕಥೆಯಲ್ಲಿ ಇರುವಂತೆ ರಾಜ ಸೋತ. ಮಾವ ಬೆವರಿನಲ್ಲಿ ತೊಯ್ದು, ದನಿ ಬಿದ್ದು, ನಗುತ್ತ ಹೊರಬಂದರು.

"ಕೇಳಿದ್ಯಾ? ಎಂಥ ಬೈಗಳು ಮಾರಾಯ್ತಿ!"

"ಕೇಳಿದೆ" ಎಂದರು ಅತ್ತೆ. ಸೆರಗಿನಿಂದ ಮಾವನ ಮುಖ ಒರೆಸಿದರು. ಆಮೇಲೆ, ಅಷ್ಟು ಜನರ ಎದುರೇ, ಆ ಪೆಟ್ಟಿಗೆ ಇದ್ದಲ್ಲಿ ಅಂಗೈ ಇಟ್ಟು ನಿಂತರು.