ಸ್ಟೇರಿಂಗ್ ಬಿಚ್ಚಿದ ಬೀಗರು

ಯಂತ್ರ ಅಂದಮೇಲೆ ಅದಕ್ಕೊಂದು ನಟ್ಟು ಇರುತ್ತದೆ. ನಟ್ಟು ಇದ್ದಮೇಲೆ ಅದಕ್ಕೊಂದು ಪಾನಾ ಇರುತ್ತದೆ. ಪಾನಾ ಇದ್ದಮೇಲೆ ನಾನಿರುತ್ತೇನೆ! ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆನೋ, ಶಾಲೆಯೇ ನನ್ನನ್ನು ಬಿಟ್ಟಿತೋ, ಆ ತಕರಾರು ಈಗ ಬೇಡ. ಅಂದಿನಿಂದ ದುಡಿದು ತಿಂದವನು ನಾನು. ನಲ್ಲೂರು, ಕೆರೆಬಿಳಚಿ ಸುತ್ತಮುತ್ತ ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಮಷಿನ್ನು, ಬೋರಿನ ಮೋಟಾರು, ಯಾವುದು ಕೆಟ್ಟರೂ ಜನ ಮೊದಲು ದೇವರಿಗೆ ಕೈ ಮುಗಿದು ಆಮೇಲೆ ನನಗೆ ಫೋನ್ ಮಾಡುತ್ತಾರೆ. ಅವಸರ ಇದ್ದವರು ದೇವರನ್ನು ಬಿಟ್ಟು ನೇರ ನನಗೇ ಮಾಡುತ್ತಾರೆ. ಇಂಥವನಿಗೆ ಒಂದು ಹಳೇ ಕಾರಿನ ಸ್ಟೇರಿಂಗು ಯಾವ ಲೆಕ್ಕ!

ಹೀಗಂತ ನಾನು ತಿಳಿದಿದ್ದೆ.

ಬಾಣಂತನಕ್ಕೆ ಬಂದಿದ್ದ ಮಗಳು ಸುಮಾಳ ಕೂಸಿಗೆ ಐದು ತಿಂಗಳು ತುಂಬಿತ್ತು. ತಾಯಿ-ಕೂಸನ್ನು ಜಗಳೂರಿಗೆ, ಅವಳ ಗಂಡನ ಮನೆಗೆ ಕಳಿಸಬೇಕು. ಸೋಮವಾರ ಬೆಳಿಗ್ಗೆ ರಾಹುಕಾಲ ಹುಟ್ಟುವ ಮುಂಚೆ ಊರ ಗಡಿ ದಾಟಿಸಬೇಕು ಅಂತ ಬಸವಣ್ಣನ ಗುಡಿಯ ಅಯ್ಯನವರು ಹೇಳಿದ್ದರು. ಬೀಗರು ಶಿವಾನಂದಪ್ಪನವರು ಬಹಳ ನಯಸ್ಥರು. ಅವರೇ ಫೋನ್ ಮಾಡಿದರು.

"ಬೀಗ್ರೆ, ನಮ್ಮ ಕಾರು ಕಳಿಸ್ತೀವಿ. ನಿಮಗ್ಯಾಕೆ ತ್ರಾಸು?"

"ಛೇ ಛೇ! ಮೊಮ್ಮಗ ಮೊದಲ್ನೇ ಸಲ ಮನೆ ತುಂಬಾಕೆ ಬರ್ತಾನೆ. ಬಂದ್ರೆ ತವರಿನ ಕಾರಲ್ಲೇ ಬರ್ತಾನೆ. ನೀವು ಆರತಿ ತಟ್ಟೆ ಹಿಡ್ಕಂಡು ಬಾಗಿಲಲ್ಲಿ ನಿಂತಿರ್ರಿ, ಅಷ್ಟು ಸಾಕು!"

ಫೋನಿನಲ್ಲಿ ನನ್ನ ದನಿ ಸ್ವಲ್ಪ ದೊಡ್ಡದು. ಪಕ್ಕದ ಮನೆ ಹಾಲೇಶಣ್ಣ ತನ್ನ ಜಗಲಿಯಲ್ಲಿ ಕೂತೇ ಇದನ್ನು ಪೂರ್ತಿ ಕೇಳಿಸಿಕೊಂಡ. ಅವನು ಕೇಳಿಸಿಕೊಂಡ ಅಂದರೆ ಊರೇ ಕೇಳಿಸಿಕೊಂಡ ಹಾಗೆ. ಇನ್ನು ಮಾತು ಹಿಂದೆ ತೆಗೆಯುವಂತಿಲ್ಲ.

ತವರಿನ ಕಾರು ಮಾತ್ರ ಆ ಹೊತ್ತಿಗೆ ಎಣ್ಣೆ ಸೋರುತ್ತಾ ನಿಂತಿತ್ತು. ದಿನಾ ಬೆಳಿಗ್ಗೆ ಅದರ ಮೂತಿಯ ಕೆಳಗೆ ಕೆಂಪನೆಯ ಮಡುವು. ಸ್ಟೇರಿಂಗ್ ತಿರುಗಿಸಿದರೆ ಹೊಟ್ಟೆ ಉಬ್ಬರಿಸಿದ ಎಮ್ಮೆಯ ಹಾಗೆ ನರಳುತ್ತಿತ್ತು.

"ರೀ, ನನ್ನ ರಂಗೋಲಿಗೆ ಬಣ್ಣ ತುಂಬಾಕೆ ನಿಮ್ಮ ಕಾರಿಗೆ ಯಾರು ಹೇಳಿದ್ರು?" ಅಂತ ಹೆಂಡತಿ ಗಿರಿಜ ಸಿಡುಕಿದಳು.

ಚನ್ನಗಿರಿಯ ಮೆಕ್ಯಾನಿಕ್ಕು ಕೆಳಗೆ ಬಗ್ಗಿ ನೋಡಿ, "ಪವರ್ ಸ್ಟೇರಿಂಗಿನ ರ‍್ಯಾಕೇ ಹೋಗೈತಣ್ಣ. ಹೊಸಾದು ತರಿಸಬೇಕು. ಗಾಡಿ ಒಂದು ವಾರ ಬಿಟ್ಟು ಹೋಗ್ರಿ" ಅಂದ. ನನ್ನ ಹತ್ತಿರ ವಾರ ಇರಲಿಲ್ಲ. ಇದ್ದದ್ದು ಶನಿವಾರ ಮತ್ತು ಭಾನುವಾರ.

ರ‍್ಯಾಕ್ ಅಂದರೆ ಏನು ಮಹಾ? ಒಂದು ಉದ್ದನೆಯ ಕೊಳವೆ, ಒಳಗೊಂದು ಹಲ್ಲಿನ ರಾಡು. ಸ್ಟೇರಿಂಗ್ ತಿರುಗಿಸಿದರೆ ರಾಡು ಆ ಕಡೆಗೋ ಈ ಕಡೆಗೋ ಸರಿಯುತ್ತದೆ, ಅದರ ಎರಡು ತುದಿಗೆ ಕಟ್ಟಿದ ಮುಂದಿನ ಗಾಲಿಗಳು ಹೊರಳುತ್ತವೆ. ರಾಡಿಗೆ ಸುಸ್ತಾಗದಿರಲಿ ಅಂತ ಎಣ್ಣೆ ಹಿಂದಿನಿಂದ ನೂಕುತ್ತದೆ. ಔಷಧಿ ಪಂಪಿಗೂ ಇದಕ್ಕೂ ಇರುವ ವ್ಯತ್ಯಾಸ ಎಣ್ಣೆಯ ಬಣ್ಣ ಮಾತ್ರ! ದಾವಣಗೆರೆಯಿಂದ ಹೊಸ ಆಯಿಲ್ ಸೀಲು, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆಗಳನ್ನು ತಂದೆ. ಅಂಗಳದಲ್ಲಿ ಕಾರಿಗೆ ಜಾಕಿ ಕೊಟ್ಟು, ಕೆಳಗೆ ಕಲ್ಲು ಕೂರಿಸಿ, ಗೋಣಿಚೀಲ ಹಾಸಿ ಮಲಗಿದೆ.

"ಮಗಳ ಪಯಣಕ್ಕೆ ಎರಡೇ ದಿನ ಐತೆ. ಈಗ ಬಿಚ್ಚಾಕೆ ಕೂತೀರಲ್ಲ, ನಿಮಗೆ ಏನು ಹೇಳಾಣ?" ಗಿರಿಜಳ ಕಾಲು ಮಾತ್ರ ಕಾಣುತ್ತಿತ್ತು. ಕಾಲೇ ಸಿಟ್ಟಾಗಿತ್ತು.

"ಏನೂ ಹೇಳಬ್ಯಾಡ. ಹದಿನಾಲ್ಕರ ಪಾನಾ ಕೊಡು."

ಶನಿವಾರ ಸಂಜೆಯ ಹೊತ್ತಿಗೆ ರ‍್ಯಾಕು ಹೊರಗೆ ಬಂತು. ಹಾಲೇಶಣ್ಣ ನೋಡಿ, "ಹೆರಿಗೆ ಆತೇನಪ್ಪ ಪರಮೇಶಿ? ತಾಯಿ-ಕೂಸು ಆರಾಮೇನು?" ಅಂದ. ನಾನು ರ‍್ಯಾಕನ್ನು ಗೋಣಿಚೀಲದ ಮೇಲೆ ಮಲಗಿಸಿದೆ. ದೊಡ್ಡ ಕೆಲಸ ಮಾಡುವವರು ಸಣ್ಣ ಮಾತಿಗೆ ಕಿವಿ ಕೊಡಬಾರದು.

ಇಲ್ಲಿ ನನ್ನ ಬುದ್ಧಿವಂತಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಚ್ಚಿದ್ದು ಇದ್ದ ಜಾಗಕ್ಕೇ ಕೂರಬೇಕಾದರೆ ಗುರುತು ಬೇಕು. ರಾಡು ನಡುಮಧ್ಯೆ ಎಲ್ಲಿತ್ತು, ಎರಡು ತುದಿಯ ನಟ್ಟುಗಳು ಎಷ್ಟನೇ ಸುತ್ತಿಗೆ ಕೂತಿದ್ದವು, ಎಲ್ಲ ಕಡೆ ಗುರುತು ಮಾಡಿದೆ. ಸೀಮೆಸುಣ್ಣದಲ್ಲಿ ಅಲ್ಲ! ಆಯುಧಪೂಜೆ ಮಾಡುವ ಕೈ ನನ್ನದು. ದೇವರ ಗೂಡಿನಿಂದ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಒಂದೊಂದು ಗುರುತಿಗೂ ಒಂದೊಂದು ಬೊಟ್ಟು ಇಟ್ಟೆ. ಪೂಜೆಯೂ ಆಯಿತು, ಗುರುತೂ ಆಯಿತು. ನೋಡಿ ನನಗೇ ಕಣ್ಣು ತುಂಬಿತು.

ಆಮೇಲೆ ಎಲ್ಲವನ್ನೂ ಡೀಸೆಲ್ಲಿನಲ್ಲಿ ಚೆನ್ನಾಗಿ ತೊಳೆದೆ.

ಬೊಟ್ಟು ಹೋಯಿತು ಅಂತ ಗೊತ್ತಾಗಿದ್ದು ಭಾನುವಾರ ಜೋಡಿಸುವಾಗ. ಹೆದರಲಿಲ್ಲ. ಸೀಲು ಕೂರಿಸಿದೆ, ರಾಡು ತೂರಿಸಿದೆ, ರ‍್ಯಾಕು ಮೇಲೆತ್ತಿ ಕಟ್ಟಿದೆ. ಗಾಲಿಗಳು ಒಂದು ಪೂರ್ವ, ಒಂದು ಈಶಾನ್ಯ ನೋಡುತ್ತಿದ್ದವು. ಅದಕ್ಕೇನು? ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಹುರಿ ಎಳೆದು, ಒಂದು ತುದಿಯ ನಟ್ಟನ್ನು ಒಳಕ್ಕೆ ತಿರುವಿ ಇನ್ನೊಂದು ತುದಿಯದನ್ನು ಹೊರಕ್ಕೆ ತಿರುವಿ, ಎರಡೂ ಗಾಲಿಗಳನ್ನು ನೆಟ್ಟಗೆ ಮಾಡಿದೆ. ಸ್ಟೇರಿಂಗ್ ಚಕ್ರವನ್ನೂ ನೆಟ್ಟಗೆ ಕೂರಿಸಿದೆ. ಹೊರಗಿನಿಂದ ನೋಡಿದರೆ ಎಲ್ಲವೂ ನೆಟ್ಟಗೆ! ಒಳಗೆ, ಕಾಣದ ಕೊಳವೆಯಲ್ಲಿ, ರಾಡು ಮಾತ್ರ ಒಂದು ಮೂಲೆ ಹಿಡಿದು ಕೂತಿತ್ತು. ಅದು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಎಣ್ಣೆ ತುಂಬಿ ಶುರು ಮಾಡಿದೆ. ಒಂದು ಹನಿ ಸೋರಿದ್ದರೆ ಕೇಳಿ! ಸ್ಟೇರಿಂಗು ಬೆಣ್ಣೆ. ಮನೆಯಿಂದ ಎಡಕ್ಕೆ ಹೊರಟು, ಹಾಲಿನ ಡೇರಿ ಹತ್ತಿರ ಎಡಕ್ಕೆ ತಿರುಗಿ, ಶಾಲೆ ಹತ್ತಿರ ಎಡಕ್ಕೆ ಹೊರಳಿ, ಮತ್ತೊಂದು ಎಡಕ್ಕೆ ಮನೆ ಮುಂದೆ ಬಂದು ನಿಂತೆ. ಪರೀಕ್ಷೆ ಮುಗಿಯಿತು. ಫಸ್ಟ್ ಕ್ಲಾಸು!

"ನೋಡಿದ್ಯಾ?" ಅಂದೆ ಗಿರಿಜಳಿಗೆ.

"ನಾಳೆ ನೋಡಾಣ" ಅಂದಳು.

ಸೋಮವಾರ ನಸುಕಿನಲ್ಲೇ ಮನೆ ಮುಂದೆ ಜನ. ಸುಮಾಗೆ ಉಡಿ ತುಂಬಿದರು. ಕೂಸಿಗೆ ದೃಷ್ಟಿಬೊಟ್ಟು ಇಟ್ಟರು. ಕಾರಿನ ತಲೆಯ ಮೇಲೆ ತೊಟ್ಟಿಲು ಕಟ್ಟಿದೆವು. ಹಿಂದಿನ ಸೀಟಿನಲ್ಲಿ ಸುಮ ಕೂಸನ್ನು ಎದೆಗವಚಿಕೊಂಡು ಕೂತಳು, ಪಕ್ಕದಲ್ಲಿ ಗಿರಿಜ. ಎಲ್ಲ ಗಾಲಿಗಳ ಕೆಳಗೂ ನಿಂಬೆಹಣ್ಣು. ನಾನು ಇಸ್ತ್ರಿ ಅಂಗಿ ತೊಟ್ಟು, ಗಾಂಭೀರ್ಯದಿಂದ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟೆ. ನಮ್ಮೂರ ಪದ್ಧತಿ, ಮನೆಮಗಳನ್ನು ಕಳಿಸುವ ಗಾಡಿ ಮೊದಲು ಬಸವಣ್ಣನ ಗುಡಿಗೆ ಮೂರು ಸುತ್ತು ಹಾಕಿ ಊರು ಬಿಡಬೇಕು. ಗುಡಿ ಸಣ್ಣದು, ಸುತ್ತ ಬಯಲು. ಬಾಗಿಲಲ್ಲಿ ಅಯ್ಯನವರು ಆರತಿ ಹಿಡಿದು ನಿಂತಿದ್ದರು.

ಪ್ರದಕ್ಷಿಣೆ ಅಂದರೆ ದೇವರು ಬಲಕ್ಕೆ ಇರಬೇಕು. ಅಂದರೆ ಗಾಡಿ ಬಲಕ್ಕೆ ತಿರುಗುತ್ತಾ ಹೋಗಬೇಕು. ನಾನು ಬಲಕ್ಕೆ ತಿರುಗಿಸಿದೆ. ಸ್ಟೇರಿಂಗು ಒಂದು ಗೇಣು ತಿರುಗಿ ಟಕ್ ಅಂತ ನಿಂತಿತು. ಒತ್ತಿದೆ. ಕಲ್ಲು! ಮೂಲೆ ಹಿಡಿದ ರಾಡಿಗೆ ಆ ಕಡೆ ಸರಿಯಲು ಜಾಗವೇ ಉಳಿದಿರಲಿಲ್ಲ. ಕಾರು ಬಲಕ್ಕೆ ಸ್ವಲ್ಪ ಮುಖ ತೋರಿಸಿತೇ ಹೊರತು ತಿರುಗಲಿಲ್ಲ, ಗುಡಿ ಬಿಟ್ಟು ಸೀದಾ ಎದುರಿನ ಕಿರಾಣಿ ಅಂಗಡಿಯ ಕಡೆ ನಡೆಯಿತು.

"ಇತ್ಲಾಗೆ ಬಾರಪ್ಪ, ಇತ್ಲಾಗೆ!" ಅಂತ ಅಯ್ಯನವರು ಕೂಗಿದರು.

ಹಿಂದೆ ತೆಗೆದೆ. ಮತ್ತೆ ಮುಂದೆ. ಮತ್ತೆ ಅಂಗಡಿ. ಹಿಂದೆ, ಮುಂದೆ, ಅಂಗಡಿ. ಅಂಗಡಿಯವನು ಬಾಳೆಗೊನೆ ಒಳಗೆ ಎತ್ತಿಟ್ಟುಕೊಂಡ.

"ಪರಮೇಶಿ, ಗುಡಿನೇ ಸ್ವಲ್ಪ ಆ ಕಡೆ ಸರಿಸಬೇಕೇನು?" ಅದು ಹಾಲೇಶಣ್ಣ.

ಎಡಕ್ಕೆ ತಿರುಗಿಸಿ ನೋಡಿದೆ. ಎಡಕ್ಕೆ ಕಾರು ಬುಗುರಿ ಹಾಗೆ ತಿರುಗುತ್ತದೆ! ಅಷ್ಟರಲ್ಲಿ ಒಳಗಿನಿಂದ ಗಿರಿಜ ಚೀರಿದಳು. "ಎಡಕ್ಕೆ ಸುತ್ತಬ್ಯಾಡ್ರಿ! ಮಗಳನ್ನ ಕಳಿಸಾವಾಗ ಅಪ್ರದಕ್ಷಿಣೆ ಮಾಡ್ತಾರೇನ್ರಿ ಯಾರಾದ್ರೂ?"

ಆಗ ನನ್ನ ಏಳನೇ ಕ್ಲಾಸಿನ ತಲೆ ಮಿಂಚಿತು. ಎಡಕ್ಕೆ ತಿರುಗಿಸಿ ಮುಂದೆ ಹೋದರೆ ಅಪ್ರದಕ್ಷಿಣೆ. ಸರಿ. ಅದೇ ಸುತ್ತಿನಲ್ಲಿ ಹಿಂದೆ ಹೋದರೆ? ಪ್ರದಕ್ಷಿಣೆ! ರಿವರ್ಸ್ ಗೇರು ಹಾಕಿದೆ. ಕತ್ತು ಹಿಂದಕ್ಕೆ ತಿರುವಿ, ಮಗಳ ಮುಖ, ಕೂಸಿನ ಮುಖ, ಹೆಂಡತಿಯ ಮುಖ (ಅದನ್ನು ವರ್ಣಿಸುವುದಿಲ್ಲ) ಎಲ್ಲವನ್ನೂ ದಾಟಿ ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತಾ ಬಸವಣ್ಣನಿಗೆ ಸುತ್ತು ಹಾಕಿದೆ. ತಲೆಯ ಮೇಲೆ ತೊಟ್ಟಿಲು ತೂಗುತ್ತಿತ್ತು.

ಅಯ್ಯನವರಿಗೆ ಆರತಿ ಯಾವ ಕಡೆ ಎತ್ತಬೇಕು ತಿಳಿಯಲಿಲ್ಲ. ಕೊನೆಗೆ ಡಿಕ್ಕಿಗೇ ಎತ್ತಿದರು.

"ಅಯ್ಯನೋರೆ, ಇದು ನಡೀತೈತೇನ್ರಿ?" ಅಂತ ಜನ ಕೇಳಿದರು.

ಅವರು ಆರತಿ ತಟ್ಟೆ ಕೆಳಗಿಳಿಸಿ, "ಶಾಸ್ತ್ರದಾಗೆ ರಿವರ್ಸ್ ಗೇರಿನ ವಿಚಾರ ಬಂದಿಲ್ಲಪ್ಪ" ಅಂದರು.

ಮೂರು ಸುತ್ತು ಮುಗಿಸಿ ನಿಂತಾಗ ನನಗೆ ತಲೆ ತಿರುಗುತ್ತಿತ್ತು. ಆದರೂ ಗೆದ್ದ ಖುಷಿ. ಬೆವರು ಒರೆಸಿಕೊಂಡು, "ಹೆಂಗೆ?" ಅಂದೆ.

"ಮುಂದೆ ದಾವಣಗೆರೆ ರೋಡಿಗೆ ಬಲಕ್ಕೆ ತಿರುಗಬೇಕು. ಜಗಳೂರಿನ ತನಕ ಹಿಂದೆಹಿಂದೇನೇ ಹೋಗಾದೋ?" ಅಂದಳು ಗಿರಿಜ.

ನನ್ನ ಹತ್ತಿರ ಅದಕ್ಕೂ ಉಪಾಯ ಇತ್ತು. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಬಲ ಆಗುತ್ತದೆ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸುಮ ಮೆಲ್ಲಗೆ ಅಂದಳು.

"ಅಪ್ಪಾಜಿ, ನಂಗೆ ಭಯ ಆಗ್ತೈತೆ. ಕೂಸು ಐತಲ್ಲ."

ಅವಳು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ನಕ್ಕಿದ್ದರೆ ಎರಡು ಮಾತು ಹೆಚ್ಚೇ ಆಡುತ್ತಿದ್ದೆ. ಅವಳು ಕೂಸಿನ ತಲೆಗೆ ಕೈ ಅಡ್ಡ ಇಟ್ಟುಕೊಂಡಿದ್ದಳು, ನಾನು ಗುಂಡಿಗೆ ಇಳಿಸಿದರೆ ತಗುಲದಿರಲಿ ಅಂತ. ಚಾವಿ ತಿರುಗಿಸಿ ಎಂಜಿನ್ನು ಆರಿಸಿದೆ. ರಾಹುಕಾಲ ಹತ್ತಿರ ಬರುತ್ತಿತ್ತು. ಮಾನ ಹೋದರೆ ಹೋಗಲಿ, ಗಳಿಗೆ ಹೋದರೂ ಹೋಗಲಿ ಅಂತ ಗುಡಿ ಮುಂದೆ, ಎಲ್ಲರೂ ಕೇಳುವ ಹಾಗೆ, ಬೀಗರಿಗೆ ಫೋನ್ ಮಾಡಿದೆ. ದನಿ ಸಣ್ಣಗೆ ಮಾಡಬೇಕು ಅಂತ ಇತ್ತು, ಅಭ್ಯಾಸ ಇಲ್ಲ.

"ಬೀಗ್ರೆ... ನಿಮ್ಮ ಕಾರು ಕಳಿಸಾಕೆ ಆಗ್ತೈತೇನು? ಈಗ ಹೊರಟ್ರೂ ಹೊತ್ತಾಗ್ತೈತೆ, ಆದ್ರೂ..."

ಆ ಕಡೆಯಿಂದ ಸ್ವಲ್ಪ ಕೆಮ್ಮು ಕೇಳಿಸಿತು.

"ಕಾರು ನಿಮ್ಮೂರ ಹೊರಗೆ ಬೇವಿನ ಮರದ ಕೆಳಗೆ ನಿಂತೈತೆ ಬೀಗ್ರೆ. ನಿಮ್ಮ ಮನೆಯವರು ಶನಿವಾರನೇ ಫೋನ್ ಮಾಡಿದ್ರು. ನಿಮಗೆ ಬೇಜಾರಾಗಬಾರ್ದು, ಕರೆದ್ರೆ ಮಾತ್ರ ಊರೊಳಗೆ ಹೋಗು ಅಂತ ಡ್ರೈವರ್‌ಗೆ ಹೇಳೀನಿ."

ನಾನು ಗಿರಿಜಳ ಕಡೆ ನೋಡಿದೆ. ಅವಳು ಬಸವಣ್ಣನ ಕಡೆ ನೋಡಿದಳು.

ಬಿಳೀ ಕಾರು ಬಂತು. ಬಲಕ್ಕೆ ಮೂರು ಸುತ್ತು ಹಾಕಿತು. ಸುಮ, ಕೂಸು, ಗಿರಿಜ, ಗಂಟುಮೂಟೆ ಎಲ್ಲ ಹಿಡಿಸಿದವು. ರಾಹುಕಾಲಕ್ಕೆ ಮುಂಚೆ ಗಡಿಯೂ ದಾಟಿತು. ಹಿಡಿಸದೆ ಉಳಿದದ್ದು ಎರಡು, ತೊಟ್ಟಿಲು ಮತ್ತು ನಾನು. ತೊಟ್ಟಿಲು ಹೋಗದೆ ಶಾಸ್ತ್ರ ಮುಗಿಯುವುದಿಲ್ಲ. ನಾನು ಹೋಗದಿದ್ದರೆ ನಡೆಯುತ್ತಿತ್ತು ಅಂತ ಅನೇಕರ ಅಭಿಪ್ರಾಯ. ಆದರೂ ಇಬ್ಬರೂ ಬಸ್ಸು ಹತ್ತಿದೆವು.

ಕಂಡಕ್ಟರು ತೊಟ್ಟಿಲೊಳಗೆ ಇಣುಕಿ, "ಕೂಸೆಲ್ಲಿ ಯಜಮಾನ್ರೆ?" ಅಂದ.

"ಮುಂದೆ ಹೋಗೈತಪ್ಪ."

"ನೀವು?"

"ನಾನು ರಿಪೇರಿ ಮಾಡ್ತಾ ಹಿಂದೆ ಉಳಿದೆ."

ದಾವಣಗೆರೆ ರೋಡು ಬಂತು. ಡ್ರೈವರು ಒಂದು ಕೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ, ಇನ್ನೊಂದೇ ಕೈಯಲ್ಲಿ, ರಸ್ತೆಯನ್ನೂ ಸರಿಯಾಗಿ ನೋಡದೆ, ಅಷ್ಟು ದೊಡ್ಡ ಬಸ್ಸನ್ನು ಬಲಕ್ಕೆ ತಿರುಗಿಸಿಬಿಟ್ಟ. ನನಗೆ ಗೊತ್ತಿಲ್ಲದೆಯೇ ಎರಡೂ ಕೈ ಮುಗಿದೆ.

"ಗುಡಿ ಆಗಲೇ ಹಿಂದೆ ಹೋತಲ್ರೀ" ಅಂದ ಕಂಡಕ್ಟರು.

"ಗುಡಿಗಲ್ಲಪ್ಪ" ಅಂದೆ. "ಡ್ರೈವರ್‌ಗೆ."