ಅಕ್ಕನ ಸಿಟ್ಟಿಗೆ ಭಾವ ಎಳೆದ ಗೆರೆ

ನಮ್ಮ ಭಾವನಂಥ ಬುದ್ಧಿವಂತರು ಇಡೀ ಕೊಪ್ಪಳದಲ್ಲಿ ಇನ್ನೊಬ್ಬರಿರಲಿಲ್ಲ. ಹಾಗೆಂದು ಹೇಳುತ್ತಿದ್ದವರೂ ಅವರೊಬ್ಬರೇ! ನಿಜಾಮರ ಕಾಲದ ಸಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುವ ಮಾಸ್ತರರು. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎಂಬುದು ಅವರಿಗೆ ಹುಡುಗಾಟ. "ನಾಕು ಬಂದೈತಿ. ಏನೇನು ಕೂಡಿ ಬಂತು? ಅದನ್ನ ಹೇಳೂದು ಲೆಕ್ಕ!" ಎನ್ನುತ್ತಿದ್ದರು. ಕಂಡದ್ದನ್ನು ಅಳೆದು, ಚೌಕಳಿ ಕಾಗದದ ಮೇಲೆ ಚುಕ್ಕಿ ಇಟ್ಟು, ಚುಕ್ಕಿಗಳಿಗೆ ಹೊಂದುವ ಗೆರೆ ಎಳೆದು, ಕಾಣದ ಕಾರಣವನ್ನು ಜುಟ್ಟು ಹಿಡಿದು ಎಳೆತರುವುದು ಅವರ ವಿದ್ಯೆ.

ಊರ ಪಕ್ಕದ ಭಾಗ್ಯನಗರದ ದಾರಿಯಲ್ಲಿ ತಿಂಗಳುಗಟ್ಟಲೆ ಕುಕ್ಕರಗಾಲಲ್ಲಿ ಕೂತು, ಎಷ್ಟು ಭಾರದ ಬಂಡಿಗೆ ಎಷ್ಟು ಆಳ ಗಾಲಿ ಜಾಡು ಎಂದು ಅಳೆದವರು ಅವರು. ಒಮ್ಮೆ ನಾವೆಲ್ಲ ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಹೊರಟಾಗ ನಡುದಾರಿಯಲ್ಲೇ ಬಂಡಿಯಿಂದ ಜಿಗಿದರು. ಜಾಡಿಗೆ ಕಡ್ಡಿ ಇಟ್ಟು ಸಾರಿದರು: "ಮುಂದಿನ ಬಂಡ್ಯಾಗ ಎಂಟು ಚೀಲ ನೆಲ್ಲು ಐತಿ!"

ಹೋಗಿ ಆ ಬಂಡಿಯನ್ನು ಕೂಡಿಕೊಂಡೆವು. ಬಂಡಿಯ ತುಂಬ ಮದುವೆಗೆ ಹೊರಟ ಎಂಟು ಮಂದಿ ತುಂಬುಮೈಯ ಹೆಂಗಸರು!

"ಎಲ್ಲಿ ಭಾವಾ ನಿಮ್ಮ ಎಂಟು ಚೀಲ ನೆಲ್ಲು?" ಎಂದೆ.

"ತೂಕ ಸರಿ ಐತಿ ನೋಡವಾ. ಹೆಸರೊಂದು ತಪ್ಪೈತಿ."

"ಯಾರ್ರಿ ಅದು, ಚೀಲ ಅಂದವ್ರು?" ಎಂದು ಆ ಬಂಡಿಯಿಂದ ಒಂದು ದನಿ ಬಂತು. ಭಾವ ನಮ್ಮಕ್ಕನ ಬೆನ್ನ ಹಿಂದೆ ಅಡಗಿದರು.

ಆ ವರ್ಷವೇ ಅಕ್ಕ ಜ್ವರದಲ್ಲಿ ತಿಂಗಳು ಮಲಗಿದಳು. ಕುಷ್ಟಗಿಯಿಂದ ಅವಳ ಆರೈಕೆಗೆ ಬಂದವಳು ನಾನು. ಜ್ವರ ಬಿಟ್ಟಿತು, ಸಿಟ್ಟು ಹಿಡಿಯಿತು! ಕರೆದರೆ ಒಮ್ಮೆ ಓಗೊಡುವಳು, ಇನ್ನೊಮ್ಮೆ ತಿರುಗಿಯೂ ನೋಡಳು. ಅವಳ ಅತ್ತೆ ಕೆಂಡವಾದರು. "ಇಷ್ಟು ಸೊಕ್ಕಿದ್ರ ತವರಿಗೇ ಹೋಗ್ಲಿ. ತಂಗಿ ಹೆಂಗೂ ಬಂದಾಳ, ಕರಕೊಂಡು ಹೋಗ್ತಾಳ!"

"ತಡಿಯವ್ವಾ," ಎಂದರು ಭಾವ. "ಸಿಟ್ಟಿಗೂ ಒಂದು ಕಾರಣ ಇರತೈತಿ. ಹುಡುಕ್ತೀನಿ."

ಸರಿ, ಕೈಗೆ ನೋಟುಬುಕ್ಕು ಬಂತು. ಕರೆದದ್ದೆಷ್ಟು, ಓಗೊಟ್ಟದ್ದೆಷ್ಟು, ಎಲ್ಲಕ್ಕೂ ಚುಕ್ಕಿ. ಮೊದಲು ಹುಣ್ಣಿಮೆಯ ಚಂದ್ರನ ಮೇಲೆ ಗುಮಾನಿ. ಚಂದ್ರ ನಿರಪರಾಧಿ. ಆಮೇಲೆ ಮೆಣಸಿನಕಾಯಿ. ನಾಲ್ಕು ದಿನ ಮನೆಮಂದಿಯೆಲ್ಲ ಸಪ್ಪೆ ಪಲ್ಯ ತಿಂದೆವು. ಸಿಟ್ಟು ಬಂದದ್ದು ನಮಗೆ! ಕೊನೆಗೆ ತಮ್ಮ ಮಾತೇ ಕಾರಣವಿರಬಹುದೆಂದು ಒಂದಿಡೀ ದಿನ ಬಾಯಿ ಮುಚ್ಚಿ ಕೂತರು. ಮನೆಯಲ್ಲಿ ಹಬ್ಬದ ಕಳೆ! ಆದರೂ ಚುಕ್ಕಿಗಳು ಚೆಲ್ಲಿದ ಜೋಳದ ಹಾಗೆ ದಿಕ್ಕಾಪಾಲು.

"ಗೆರಿಗೆ ಕೂಡವಲ್ಲವು," ಎಂದು ಭಾವ ಊಟ ಬಿಟ್ಟರು. ಮರುದಿನದಿಂದ ಮನೆಯ ನಕ್ಷೆ ಬರೆದು, ಕರೆದವರು ಎಲ್ಲಿ ನಿಂತಿದ್ದರೆಂದು ಗುರುತು ಹಾಕತೊಡಗಿದರು. ಒಂದು ಸಂಜೆ ನೋಟುಬುಕ್ಕು ಮುಚ್ಚಿಟ್ಟರು.

ಬೆಳಗ್ಗೆ ಎದ್ದವರೇ ಘೋಷಿಸಿದರು: "ಬೀಸೂವಾಗ ಬಲಗೈ ಬಾಗಲಾ ಕಡೆ ಇರಬೇಕು. ಹಿಟ್ಟು ಜಾಸ್ತಿ ಬರತೈತಿ. ಲೆಕ್ಕ ಐತಿ!"

"ಜ್ವಾಳ ಅಷ್ಟ ಇದ್ದ ಮ್ಯಾಲ ಹಿಟ್ಟು ಹೆಂಗ ಜಾಸ್ತಿ ಬರತೈತೋ ಹುಚ್ಚಪ್ಪಾ?" ಎಂದರು ಅವರ ತಾಯಿ.

ಓಣಿಯೆಲ್ಲ ನಕ್ಕಿತು. ಸಾಲೆಯ ಮಾಸ್ತರರೂ ನಕ್ಕರು. ಒಂದು ಸೊನ್ನೆ ತಪ್ಪಿದರೂ ಮೂರು ದಿನ ಜಗಳಾಡುವ ಭಾವ ಎದುರಾಡಲಿಲ್ಲ. ತಾವೇ ಬೀಸುಕಲ್ಲು ಹೊತ್ತು ತಿರುಗಿಸಿಟ್ಟರು. ಒಲೆ ತಿರುಗಿತು, ಊಟದ ಮಣೆಗಳು ತಿರುಗಿದವು. ವಾರದೊಳಗೆ ಅಕ್ಕನ ಸಿಟ್ಟು ಮಾಯ! ಕರೆದರೆ ಸಾಕು, "ಬಂದ್ನಿ" ಎನ್ನುವಳು. ಅತ್ತೆ ತಾವು ಕಟ್ಟಿಸಿದ ತಾಯಿತದ ಮಹಿಮೆ ಎಂದು ಹಿಗ್ಗಿದರು.

ನನಗೆ ತಡೆಯಲಾಗಲಿಲ್ಲ, ನೋಟುಬುಕ್ಕು ತೆರೆದೆ. ಅಕ್ಕನ ಬಲಕ್ಕೆ ನಿಂತು ಕರೆದಾಗಲೆಲ್ಲ ಓಗೊಟ್ಟಿದ್ದಳು. ಎಡಕ್ಕೆ ನಿಂತು ಕರೆದಾಗ ಒಮ್ಮೆಯೂ ಇಲ್ಲ. ಸೊಕ್ಕಿನವಳು ಅನ್ನಿಸಿಕೊಂಡರೂ ಸರಿ, ಕಿವುಡಿ ಅನ್ನಿಸಿಕೊಳ್ಳಲು ಅಂಜಿದ್ದಳು ನಮ್ಮಕ್ಕ.

"ಭಾವಾ, ಅಕ್ಕನ ಎಡಗಿವಿ..."

ಅವರು ನೋಟುಬುಕ್ಕು ಕಸಿದುಕೊಂಡರು. "ಆಕಿ ನಿನಗ ಹೇಳ್ಯಾಳೇನು?"

"ಇಲ್ರಿ."

"ನನಗೂ ಹೇಳಿಲ್ಲ. ಆಕಿ ಹೇಳೂತನಕ ನನಗ ಗೊತ್ತಿಲ್ಲ."

ಪಡಸಾಲೆಯಲ್ಲಿ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಭಾವ ಅವಳ ಎಡಗಡೆಯ ಬಾಗಿಲಿಂದ ಒಳಗೆ ಹೋದರು. ಸುತ್ತು ಹಾಕಿ ಬಂದು, ಅವಳ ಬಲಕ್ಕೆ ಕೂತ ಮೇಲೆ ಮೆಲ್ಲಗೆ ಅವಳ ಹೆಸರು ಹಿಡಿದು ಕರೆದರು.