ಅರ್ಧ ದಾರಿಯಲ್ಲಿ ಅತ್ತೆ

ಅನಂತಲಕ್ಷ್ಮಿ: ರೀ, ಮನಸ್ಸಿಟ್ಟು ತಳ್ರೀ! ಅರ್ಧ ರ‍್ಯಾಂಪಲ್ಲಿ ನಿಂತುಬಿಟ್ಟಿದೆ.

ಗೋಪೀನಾಥ: ಮನಸ್ಸಿಂದ ತಳ್ಳಕ್ಕಾಗಲ್ಲ ಕಣೇ, ಕಾಲು ಊರಬೇಕು. ನನ್ನ ಚಪ್ಪಲಿನೇ ಜಾರ್ತಿದೆ.

(ವಿಜಯನಗರದ ಒಂದು ಮನೆ. ಗೇಟಿನಿಂದ ಬಾಗಿಲಿಗೆ ಥಳಥಳ ಹೊಳೆಯುವ ಗ್ರಾನೈಟ್ ರ‍್ಯಾಂಪ್. ಅದರ ನಡುವೆ ಗಾಲಿಕುರ್ಚಿ. ಕುರ್ಚಿಯಲ್ಲಿ, ಕಾಲು ಮುರಿದುಕೊಂಡು ಮಗಳ ಮನೆಯಲ್ಲಿ ಒಂದು ತಿಂಗಳು ಇರಲು ಬ್ಯಾಡರಹಳ್ಳಿಯಿಂದ ಬಂದಿರುವ ಅಂಬುಜಮ್ಮ. ಕೆಳಗಿನಿಂದ ತಳ್ಳುತ್ತಿರುವವರು ಅಳಿಯ ಗೋಪೀನಾಥ, ನಿವೃತ್ತ ಭೌತಶಾಸ್ತ್ರ ಮೇಷ್ಟ್ರು. ಮೇಲಿನಿಂದ ಎಳೆಯುತ್ತಿರುವವರು ಮಗಳು ಅನಂತಲಕ್ಷ್ಮಿ. ದಂಪತಿಗೆ ಅರವತ್ತು ದಾಟಿದೆ. ಬಾಯಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.)

ಅನಂತಲಕ್ಷ್ಮಿ: ನೇರವಾಗಿ ಹೇಳ್ಬಿಡಿ. ನಮ್ಮಮ್ಮ ಬರೋದು ನಿಮಗಿಷ್ಟ ಇಲ್ಲ.

ಗೋಪೀನಾಥ: ಇಷ್ಟ ಇಲ್ದೆ ಹೀಗೆ ಬೆವರು ಸುರಿಸ್ತೀನಾ? ಘರ್ಷಣೆ ಸಾಲ್ತಿಲ್ಲ ಕಣೇ! ಒರಟು ಕಲ್ಲು ಹಾಕ್ಸೋಣ ಅಂದೆ. ಮುಖ ಕಾಣೋ ಹಾಗೆ ಪಾಲಿಶ್ ಬೇಕು ಅಂದೋಳು ನೀನು.

ಅನಂತಲಕ್ಷ್ಮಿ: ಮೂವತ್ತು ವರ್ಷ ಮಕ್ಕಳಿಗೆ "ಘರ್ಷಣೆ ಇಲ್ಲ ಅಂತ ಇಟ್ಕೊಳ್ಳಿ" ಅಂತ ಲೆಕ್ಕ ಕೊಟ್ರಲ್ಲ? ಈಗ ನಿಜವಾಗ್ಲೂ ಇಲ್ಲ. ಮಾಡಿ ಲೆಕ್ಕ!

ಗೋಪೀನಾಥ: ಅದು ಪರೀಕ್ಷೆಗೆ! ಅಲ್ಲಿ ತಳ್ಳೋನಿಗೆ ಕಾಲೇ ಇರಲ್ಲ, ಬರೀ ಬಾಣದ ಗುರುತು ಇರುತ್ತೆ.

ಅನಂತಲಕ್ಷ್ಮಿ: ಇಷ್ಟು ಕಡಿದಾಗಿ ಕಟ್ಸಿದ್ದು ಯಾರು? ಮೇಸ್ತ್ರಿ ಉದ್ದ ಮಾಡೋಣ ಅಂದ. "ಉದ್ದ ಆದ್ರೂ ಗಿಡ್ಡ ಆದ್ರೂ ಮಾಡೋ ಕೆಲಸ ಒಂದೇ" ಅಂತ ಅವನಿಗೂ ಪಾಠ ಮಾಡಿದ್ರಿ.

ಗೋಪೀನಾಥ: ಕೆಲಸ ಒಂದೇ ಕಣೇ! ಬಲ ಜಾಸ್ತಿ ಬೇಕು, ಅಷ್ಟೆ.

ಅನಂತಲಕ್ಷ್ಮಿ: ಆ "ಅಷ್ಟೆ" ಮೇಲೆ ನಮ್ಮಮ್ಮ ಕೂತಿದಾರೆ!

ಅಂಬುಜಮ್ಮ: ಅಲ್ಲ ಕಣೇ ಅನಂತೂ...

ಅನಂತಲಕ್ಷ್ಮಿ: ನೀನು ಅಲ್ಲಾಡ್ಬೇಡಮ್ಮ!

(ಮೇಷ್ಟ್ರಿಗೆ ಪಾಠದ ಹುಮ್ಮಸ್ಸು ಬಂದೇಬಿಟ್ಟಿತು. ಎರಡೂ ಕೈಯೆತ್ತಿ ಗಾಳಿಯಲ್ಲಿ ಬಾಣ ಬರೆದರು. ಹೆಂಡತಿ ಎರಡೂ ಕೈ ಸೊಂಟಕ್ಕಿಟ್ಟು ಕೇಳಿಸಿಕೊಂಡರು.)

ಗೋಪೀನಾಥ: ನೋಡು, ಅತ್ತೆಯವರ ತೂಕ ಹೀಗೆ ಕೆಳಕ್ಕೆ. ಅದರಲ್ಲೊಂದು ಪಾಲು ಹೀಗೆ, ರಸ್ತೆ ಕಡೆಗೆ. ನಾನೇನಾದ್ರೂ ಕೈ ಬಿಟ್ರೆ ಸೀದಾ ಗೇಟ್ ದಾಟಿ...

(ಮೇಷ್ಟ್ರು ತಮ್ಮ ಕೈ ನೋಡಿಕೊಂಡರು. ಕೈ ಬಿಟ್ಟಾಗಿತ್ತು. ಇಬ್ಬರೂ ಚೀರಿಕೊಂಡು ಕುರ್ಚಿಗೆ ಜೋತುಬಿದ್ದರು. ಕುರ್ಚಿ ಕೂದಲೆಳೆಯಷ್ಟೂ ಜಾರಿರಲಿಲ್ಲ.)

ಗೋಪೀನಾಥ: ಇದು... ಹೇಗೆ ನಿಂತಿದೆ?

ಅಂಬುಜಮ್ಮ: ಬ್ರೇಕ್ ಹಾಕಿದೀನಿ ಅಳಿಯಂದ್ರೇ.

ಅನಂತಲಕ್ಷ್ಮಿ: ಯಾವಾಗಮ್ಮಾ?

ಅಂಬುಜಮ್ಮ: ಅರ್ಧಕ್ಕೆ ಬಂದಾಗ ನೀವಿಬ್ರೂ ಬಾಯಿ ತೆಗೆದ್ರಲ್ಲ, ಆಗ್ಲೇ. ಜಗಳಕ್ಕೆ ನಿಂತ್ರೆ ಕೈಯಲ್ಲಿ ಏನಿದ್ರೂ ಬಿಟ್ಬಿಡೋರು ನೀವು. ಮುಗಿದ್ಮೇಲೆ ಹೇಳಿ, ತೆಗೀತೀನಿ.